ಕಿತ್ತೂರು ದಾಟಿದ ಮೇಲೆ ಐವತ್ತು ನಿಮಿಷ

ಶಮೀಮಳಿಗೆ ಗಂಡನ ಮೇಲೆ ಸಂಶಯ ಬಂದದ್ದು ಐವತ್ತು ನಿಮಿಷದ ಸಲುವಾಗಿ. ಇಷ್ಟು ಸಣ್ಣದಕ್ಕೆ ಹದಿನೆಂಟು ವರ್ಷದ ಸಂಸಾರ ಅಲ್ಲಾಡುತ್ತದೆಯೇ ಎಂದು ಕೇಳಬೇಡಿ. ಲಾರಿ ಓಡಿಸುವವರ ಮನೆಗಳ ರೀತಿಯೇ ಬೇರೆ.

ಅವರ ಮನೆ ಹುಬ್ಬಳ್ಳಿಯ ಉಣಕಲ್‌ನಲ್ಲಿ, ಕೆರೆಯಿಂದ ಎರಡು ಓಣಿ ಆಚೆ. ಗಂಡ ಮೆಹಬೂಬ ಹತ್ತು ಗಾಲಿಯ ಲಾರಿಯ ಡ್ರೈವರ್. ಹುಬ್ಬಳ್ಳಿಯಿಂದ ಒಣಮೆಣಸಿನಕಾಯಿ ಹೇರಿಕೊಂಡು ಕೊಲ್ಹಾಪುರಕ್ಕೆ ಹೋಗುತ್ತಾನೆ, ಬರುವಾಗ ಅಲ್ಲಿಂದ ಪಂಪುಗಳ ಬಿಡಿಭಾಗ ತುಂಬಿಕೊಂಡು ಬರುತ್ತಾನೆ. ವಾರಕ್ಕೆ ಎರಡು ಸಲ ಇದೇ ದಾರಿ. ಆ ಓಣಿಯಲ್ಲಿ ಇನ್ನೂ ನಾಲ್ಕೈದು ಡ್ರೈವರುಗಳ ಮನೆಗಳಿವೆ, ಎಲ್ಲರಿಗೂ ಒಂದೇ ಪದ್ಧತಿ. ತಿರುಗಿ ಬರುವಾಗ ಕಿತ್ತೂರು ದಾಟಿದ ಕೂಡಲೇ ಗಾಡಿ ಬದಿಗೆ ನಿಲ್ಲಿಸಿ ಮನೆಗೆ ಫೋನ್ ಮಾಡಬೇಕು. ಹೆಂಡತಿ ಹಿಟ್ಟು ನಾದಿ ಹಂಚು ಇಡಬೇಕು. ಗಂಡ ತಾರಿಹಾಳದ ಗೋದಾಮಿನಲ್ಲಿ ಲಾರಿ ಬಿಟ್ಟು, ಬೈಕ್ ಹತ್ತಿ ಮನೆಗೆ ಬರುವಷ್ಟರಲ್ಲಿ ತಟ್ಟೆಗೆ ಬಿಸಿ ರೊಟ್ಟಿ ಬೀಳಬೇಕು.

ಕಿತ್ತೂರಿನಿಂದ ತಟ್ಟೆಗೆ ಐವತ್ತು ನಿಮಿಷ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆದರೂ ಯಾರ ಗಂಡನಿಗೆ ರೊಟ್ಟಿ ಬಿಸಿ ಸಿಕ್ಕಿತು, ಯಾರ ಗಂಡನಿಗೆ ಆರಿದ್ದು ಸಿಕ್ಕಿತು ಎನ್ನುವುದು ಮರುದಿನ ನಳದ ಹತ್ತಿರ ದೊಡ್ಡ ಸುದ್ದಿಯಾಗುತ್ತಿತ್ತು. ಐವತ್ತಕ್ಕೆ ಬಂದವನು ಗಟ್ಟಿ ಡ್ರೈವರ್, ಮನೆಯ ಮೇಲೆ ಪ್ರೀತಿ ಇರುವವನು. ತಡಮಾಡಿದವನ ಹೆಂಡತಿ ಕೊಡ ತುಂಬಿಕೊಂಡು ಸುಮ್ಮನೆ ಹೋಗುತ್ತಿದ್ದಳು. ನಮ್ಮ ಜನ ಹೆಮ್ಮೆ ಪಡಲು ಎಂಥೆಂಥದನ್ನು ಹುಡುಕಿಕೊಳ್ಳುತ್ತಾರೋ ನೋಡಿ.

ಹದಿನೈದು ವರ್ಷ ಶಮೀಮ ಆ ನಳದ ಹತ್ತಿರ ತಲೆ ಎತ್ತಿಕೊಂಡೇ ನಿಂತವಳು. ಆದರೆ ಈಗ ಎರಡೂವರೆ ತಿಂಗಳಿಂದ ಮೆಹಬೂಬ ಐವತ್ತಕ್ಕೆ ಬರುತ್ತಿಲ್ಲ. ಕಿತ್ತೂರಿನ ಫೋನು ಬಂದ ಮೇಲೆ ಒಂದು ತಾಸು ನಲವತ್ತು ನಿಮಿಷ ಹಿಡಿಯುತ್ತಿತ್ತು. ಮೊದಮೊದಲು ಅವಳು ಆರಿದ ರೊಟ್ಟಿ ಬಿಸಿ ಮಾಡಿ ಕೊಟ್ಟಳು. ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು.

ಮೊದಲೆಲ್ಲ ಅವನು ಮನೆಗೆ ಬಂದರೆ ಅಂಗಿಯಿಂದ ಬೆವರು, ಡೀಸೆಲ್ಲಿನ ವಾಸನೆ. ಈಗ ಮುಖ ತೊಳೆದುಕೊಂಡು ಬಂದಿರುತ್ತಿದ್ದ. ಮೊದಲು ಹಸಿವಿನಿಂದ ಕೆಂಗಣ್ಣು ಮಾಡಿಕೊಂಡು ಬರುತ್ತಿದ್ದವನು ಈಗ ಎರಡೇ ರೊಟ್ಟಿಗೆ ಸಾಕೆನ್ನುತ್ತಿದ್ದ. ಎಲ್ಲಕ್ಕಿಂತ ದೊಡ್ಡ ಅನುಮಾನ ಬಂದದ್ದು ಅವನ ಸಿಟ್ಟಿನ ಮೇಲೆ. ಸಿಟ್ಟೇ ಬರುತ್ತಿರಲಿಲ್ಲ. ಟಿವಿಯ ಸದ್ದಿಗೆ ರೇಗುವುದಿಲ್ಲ, ಸೊಂಟ ನೋವೆಂದು ನರಳುವುದಿಲ್ಲ, ಮಗಳು ಗುಲ್ನಾಜಳನ್ನು ಕೂಡಿಸಿಕೊಂಡು ಕಾಲೇಜಿನ ವಿಷಯ ಕೇಳುತ್ತಾನೆ. ಹದಿನೆಂಟು ವರ್ಷ ಕಂಡ ಗಂಡ ಒಮ್ಮೆಲೇ ಸಮಾಧಾನದ ಮನುಷ್ಯನಾದರೆ ಯಾವ ಹೆಂಡತಿಗೆ ತಾನೇ ಸಮಾಧಾನ ಇರುತ್ತದೆ?

ಎರಡು ಮನೆ ಆಚೆ ಫಿರದೋಸ ಇದ್ದಳು. ಅವಳ ಗಂಡ ಅರಫಾತನೂ ಡ್ರೈವರ್, ಅವನದೂ ಕೊಲ್ಹಾಪುರದ ದಾರಿಯೇ. ವಯಸ್ಸಿನಲ್ಲಿ ಚಿಕ್ಕವಳು, ಬಾಯಲ್ಲಿ ದೊಡ್ಡವಳು. ಶಮೀಮ ಒಂದು ದಿನ ನಳದ ಹತ್ತಿರ ಸಂಕಟ ತೋಡಿಕೊಂಡಾಗ ಅವಳು ಬೇಕೆಂದೇ ದನಿ ಇಳಿಸಿ ಹೇಳಿದಳು.

"ಆಪಾ, ನಮ್ಮವರು ಅದ ಹಾದ್ಯಾಗ, ಅದ ಮಾಲ ಹೇರಕೊಂಡು ಐವತ್ತ ನಿಮಿಷಕ್ಕ ಬರ್ತಾರ. ಒಮ್ಮೊಮ್ಮೆ ನಲವತ್ತೈದಕ್ಕ. ಉಳದ ಹೊತ್ತು ಅಣ್ಣಾರು ಎಲ್ಲೆ ಕಳೀತಾರ, ನೀವ ವಿಚಾರ ಮಾಡ್ರಿ."

ಇಷ್ಟು ಹೇಳಿ ಕೊಡ ಎತ್ತಿಕೊಂಡು ಹೋದಳು. ಶಮೀಮ ವಿಚಾರ ಮಾಡಿದಳು. ಕಿತ್ತೂರಿಗೂ ಹುಬ್ಬಳ್ಳಿಗೂ ನಡುವೆ ಇರುವುದು ತೇಗೂರು, ಧಾರವಾಡ. ಆ ಹೆಚ್ಚಿನ ಐವತ್ತು ನಿಮಿಷದಲ್ಲಿ ಒಬ್ಬ ಗಂಡಸು ಮುಖ ತೊಳೆದು, ಉಂಡು, ಸಮಾಧಾನದಿಂದ ಹೊರಬೀಳಬಹುದಾದ ಮನೆ ಅಲ್ಲೆಲ್ಲೋ ಇರಲೇಬೇಕು ಎಂದು ಅವಳ ಮನಸ್ಸು ಹೇಳಿತು. ಅದೇ ವಾರ ಅವನ ಚೀಲ ತೆಗೆದು ನೋಡಿದಳು. ಒಳಗೆ ನಾಲ್ಕು ಶೇಂಗಾ ಉಂಡಿ ಸಿಕ್ಕವು. ಅವನ್ನು ಒಗೆದು ಮಡಿಚಿದ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಲಾಗಿತ್ತು. ಹಸಿರು ಸೀರೆ, ಕೆಂಪು ಅಂಚು. ಅಂಗಡಿಯವರು ಉಂಡಿಯನ್ನು ಸೀರೆಯಲ್ಲಿ ಕಟ್ಟಿಕೊಡುವುದಿಲ್ಲ.

ಆ ಸಂಜೆ ಅವಳು ಕೇಳಿಯೇಬಿಟ್ಟಳು. ಮೆಹಬೂಬ ಸೀರೆಯ ತುಂಡನ್ನು ನೋಡಿದ, ಹೆಂಡತಿಯ ಮುಖ ನೋಡಿದ, ಧಾರವಾಡದ ಬೈಪಾಸಿನಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆದಿದೆ, ಅದಕ್ಕೇ ತಡ ಎಂದ.

"ಅರಫಾತನ ಗಾಡಿ ಏನು ಮ್ಯಾಲಿಂದ ಹಾರಿ ಬರ್ತೈತೇನ್ರಿ?" ಎಂದಳು ಶಮೀಮ.

ಅವನ ಹತ್ತಿರ ಉತ್ತರ ಇತ್ತು, ಆದರೆ ಹೇಳಲು ನಾಚಿಕೆ. ಖರೆ ಮಾತು ಹೇಳಿದರೆ ಓಣಿಯ ಡ್ರೈವರುಗಳು ಅಂಜುಬುರುಕ ಎಂದು ನಗುತ್ತಾರೆ, ಹೆಂಡತಿ ಗಾಬರಿಯಾಗುತ್ತಾಳೆ ಎಂದುಕೊಂಡು ಅವನು ಬಾಯಿ ಮುಚ್ಚಿಕೊಂಡಿದ್ದ. ಮುಚ್ಚಿದ ಬಾಯಿ ನೋಡಿ ಶಮೀಮಳ ಸಂಶಯ ಗಟ್ಟಿಯಾಯಿತು. ತಾನು ಅಮ್ಮಿನಬಾವಿಗೆ, ತವರಿಗೆ ಹೋಗುತ್ತೇನೆ, ತಮ್ಮ ನವಾಜನನ್ನು ಕರೆಸುತ್ತೇನೆ, ಹಿರಿಯರೇ ಬಂದು ಕೇಳಲಿ ಎಂದಳು. ಅವಳು ಬಾಯಿಮಾತಿಗೆ ಅಂದದ್ದಲ್ಲ, ಟ್ರಂಕಿನಿಂದ ಚೀಲ ತೆಗೆದು ಹೊರಗಿಟ್ಟಿದ್ದಳು. ಮೆಹಬೂಬ ಆ ಚೀಲವನ್ನು ಎತ್ತಿ ಮತ್ತೆ ಟ್ರಂಕಿನಲ್ಲಿಟ್ಟು ಹೇಳಿದ.

"ಗುರುವಾರ ಮೊದಲಿನ್ಹಂಗ ಐವತ್ತ ನಿಮಿಷಕ್ಕ ಬರ್ತೇನಿ. ಆಮ್ಯಾಲೆ ಈ ಮಾತು ಬ್ಯಾಡ."

ಗುರುವಾರ ಮುಂಜಾನೆ ಹನ್ನೊಂದೂ ಹತ್ತಕ್ಕೆ ಫೋನ್ ಬಂತು. ಕಿತ್ತೂರು ದಾಟಿದೆ, ಗಡಿಯಾರ ನೋಡಿಕೋ ಎಂದಷ್ಟೇ ಹೇಳಿ ಇಟ್ಟ. ಶಮೀಮ ಹಿಟ್ಟಿನ ಡಬ್ಬಿಯ ಮುಂದೆ ಕೂತಳು. ಕೈ ಏಳಲಿಲ್ಲ. ಇವತ್ತು ಐವತ್ತಕ್ಕೆ ಬಂದನೆಂದರೆ ದಾರಿಯಲ್ಲಿ ತಡಮಾಡುವಂಥದ್ದು ಏನೂ ಇಲ್ಲ ಎಂದಾಯಿತು. ಏನೂ ಇಲ್ಲದಿದ್ದರೆ ಎರಡೂವರೆ ತಿಂಗಳು ಎಲ್ಲಿಗೆ ಹೋಗಿದ್ದ? ಪಾಪ, ಬಂದರೂ ಸಿಕ್ಕಿಬೀಳುವ, ಬರದಿದ್ದರೂ ಸಿಕ್ಕಿಬೀಳುವ ಪರಿಸ್ಥಿತಿ ಮೆಹಬೂಬನದು. ಅವಳು ತಲೆಯ ಮೇಲೆ ಸೆರಗು ಹೊದ್ದು, ಬಾಗಿಲು ಹಾಕಿಕೊಂಡು ಉಣಕಲ್ ಕ್ರಾಸಿನ ಕಡೆ ನಡೆದಳು. ಅಲ್ಲಿ ಸ್ಯಾಮ್ಯುಯೆಲ್‌ನ ಗ್ಯಾರೇಜ್ ಇದೆ.

ಸ್ಯಾಮ್ಯುಯೆಲ್ ಲಾರಿಗಳ ಬ್ರೇಕಿನ ಮೇಸ್ತ್ರಿ. ಮೆಹಬೂಬನಿಗೆ ಇಪ್ಪತ್ತು ವರ್ಷದ ಸ್ನೇಹಿತ, ಆ ಲಾರಿಯ ಒಂದೊಂದು ನಟ್ಟನ್ನೂ ಬಲ್ಲವನು. ಗಂಡ ಮನೆಯಲ್ಲಿ ಹೇಳದ್ದನ್ನು ಗ್ಯಾರೇಜಿನಲ್ಲಿ ಹೇಳಿರುತ್ತಾನೆ ಎಂದು ಶಮೀಮಳಿಗೆ ಗೊತ್ತಿತ್ತು. ಹೋದವಳೇ ಪೀಠಿಕೆ ಇಲ್ಲದೆ, ಅವರು ದಾರಿಯಲ್ಲಿ ಯಾರ ಮನೆಗೆ ಹೋಗುತ್ತಾರೆ ಎಂದು ಕೇಳಿದಳು.

ಸ್ಯಾಮ್ಯುಯೆಲ್ ಕೈಯ ಗ್ರೀಸ್ ಒರೆಸಿಕೊಂಡು ಅವಳಿಗೆ ಕುರ್ಚಿ ಹಾಕಿದ. ಯಾರ ಮನೆಗೂ ಇಲ್ಲ, ತೇಗೂರಿನ ಹತ್ತಿರ ಸಾವಕ್ಕನ ಹೋಟೆಲ್ಲಿದೆ, ಅಲ್ಲಿ ತಿಂಡಿ ತಿಂದು, ಚಹಾ ಕುಡಿದು ಅರ್ಧ ತಾಸು ಕೂಡುತ್ತಾನೆ, ಅಷ್ಟೇ ಎಂದ.

"ಯಾರಾಕಿ ಸಾವಕ್ಕ?"

ಆಕೆ ಕೇಳಿದ ರೀತಿಗೆ ಸ್ಯಾಮ್ಯುಯೆಲ್‌ಗೆ ನಗು ಬಂತು. ಎಪ್ಪತ್ತು ದಾಟಿದ ಮುದುಕಿ, ಬಾಯಲ್ಲಿ ನಾಲ್ಕು ಹಲ್ಲು, ಯಾರೇ ಡ್ರೈವರ್ ಬಂದರೂ ಮುಖ ತೊಳೆಯಲು ಬಿಸಿನೀರು ಕೊಡುತ್ತಾಳೆ, ಹೊರಟಾಗ ತನ್ನ ಹಳೆಯ ಸೀರೆಯ ತುಂಡಿನಲ್ಲಿ ಉಂಡಿ ಕಟ್ಟಿಕೊಡುತ್ತಾಳೆ ಎಂದ. ಶಮೀಮಳಿಗೆ ಸೀರೆಯ ತುಂಡಿನ ಉತ್ತರ ಸಿಕ್ಕಿತು. ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಅರ್ಧ ತಾಸು ಚಹಾಕ್ಕೆ ಹೋಯಿತು, ಉಳಿದ ಇಪ್ಪತ್ತು ನಿಮಿಷ ಎಲ್ಲಿ ಎಂದಳು.

"ಅದು ಆಕ್ಸಿಲೇಟರ್‌ನ್ಯಾಗ ಹೋತು, ಭಾಭಿ. ಮೊದಲು ಎಂಬತ್ತರ ಮ್ಯಾಲೆ ಓಡಸ್ತಿದ್ದ, ಈಗ ಐವತ್ತು ದಾಟಂಗಿಲ್ಲ."

ಅಷ್ಟು ಹೇಳಿ ಅವನು ಮೂಲೆಯಿಂದ ಎರಡು ಬ್ರೇಕ್ ಲೈನರ್, ಅಂದರೆ ಗಾಲಿಯನ್ನು ಒತ್ತಿ ಹಿಡಿದು ನಿಲ್ಲಿಸುವ ಪಟ್ಟಿಗಳನ್ನು ತಂದು ಅವಳ ಮುಂದಿಟ್ಟ. ಎರಡೂ ಮೆಹಬೂಬನ ಲಾರಿಯಿಂದ ಬಿಚ್ಚಿದವು, ಎರಡೂ ಎರಡೆರಡು ತಿಂಗಳು ಓಡಿದವು. ಒಂದು ಸವೆದು ಉಗುರಿನಷ್ಟು ತೆಳುವಾಗಿತ್ತು, ಅಂಚು ಸುಟ್ಟು ಕಪ್ಪಾಗಿತ್ತು. ಇನ್ನೊಂದು ಈಚಿನದು, ಎಣ್ಣೆ ತಾಗಿತೆಂದು ಮೊನ್ನೆ ಬದಲಿಸಿದ್ದು, ಹೆಚ್ಚು ಸವೆದಿರಲಿಲ್ಲ. ಮನುಷ್ಯ ಸುಳ್ಳು ಹೇಳಬಹುದು, ಲೈನರ್ ಹೇಳುವುದಿಲ್ಲ ಎಂದ ಸ್ಯಾಮ್ಯುಯೆಲ್. ಜೋರಾಗಿ ಓಡಿಸುವವನು ಪದೇಪದೇ ಬ್ರೇಕ್ ತುಳಿಯುತ್ತಾನೆ. ಲೈನರ್ ಬಿಸಿಯಾಗುತ್ತದೆ, ಬಿಸಿಯಾದರೆ ಹಿಡಿತ ಬಿಡುತ್ತದೆ. ಐವತ್ತರಲ್ಲಿ ಹೋಗುವ ಲಾರಿಗೆ ಬ್ರೇಕ್ ಹಾಕಿದರೆ ಎಷ್ಟು ದೂರಕ್ಕೆ ನಿಲ್ಲುತ್ತದೋ, ಎಂಬತ್ತರಲ್ಲಿದ್ದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ದೂರ ಬೇಕು. ಅಷ್ಟು ಜಾಗ ಮುಂದೆ ಖಾಲಿ ಇರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ.

ಶಮೀಮ ಸವೆದ ಲೈನರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಹದಿನೈದು ವರ್ಷ ಇಲ್ಲದ ಬುದ್ಧಿ ಈಗ ಯಾಕೆ ಬಂತು ಎಂದು ಕೇಳಿದಳು. ಸ್ಯಾಮ್ಯುಯೆಲ್ ಸ್ವಲ್ಪ ಹಿಂದೆಮುಂದೆ ನೋಡಿದ. ಹೇಳಬಾರದೆಂದು ಮೆಹಬೂಬ ಮಾತು ತೆಗೆದುಕೊಂಡಿದ್ದ. ಆದರೆ ಹೇಳದೆ ಇದ್ದದ್ದರಿಂದಲೇ ಮನೆ ಮುರಿಯುವ ಹಂತಕ್ಕೆ ಬಂದದ್ದು ಅವನಿಗೆ ಕಾಣುತ್ತಿತ್ತು.

ಎರಡೂವರೆ ತಿಂಗಳ ಹಿಂದೆ ಬೈಪಾಸಿನಲ್ಲಿ ಒಬ್ಬ ಹೆಣ್ಣುಮಗಳು ಸ್ಕೂಟಿಯ ಮೇಲೆ ಅಡ್ಡ ಬಂದಿದ್ದಳು, ಹಿಂದೆ ಸಾಲಿಯ ಸಮವಸ್ತ್ರದ ಕೂಸು ಕೂತಿತ್ತು. ಮೆಹಬೂಬ ಬ್ರೇಕಿನ ಮೇಲೆ ನಿಂತೇಬಿಟ್ಟಿದ್ದ. ಹದಿನಾರು ಟನ್ ಕಬ್ಬಿಣ ಹಿಂದಿನಿಂದ ನೂಕುತ್ತಿತ್ತು. ಲಾರಿ ನಿಂತಾಗ ಸ್ಕೂಟಿಯ ಕನ್ನಡಿ ಬಂಪರಿಗೆ ತಾಗಿ ಮಡಚಿಕೊಂಡಿತ್ತು. ಕೂಸು ಅಳಲೂ ಇಲ್ಲವಂತೆ, ಲಾರಿಯನ್ನೇ ನೋಡುತ್ತಿತ್ತಂತೆ. ಮೆಹಬೂಬ ಅಲ್ಲಿಂದ ನೇರ ಗ್ಯಾರೇಜಿಗೆ ಬಂದು, ಹಳೆಯ ಟೈರಿನ ಮೇಲೆ ಒಂದು ತಾಸು ಕೂತಿದ್ದ. ಕೊಟ್ಟ ಚಹಾ ಪಕ್ಕದಲ್ಲಿಯೇ ಆರಿತ್ತು.

"ನನಗ ಏನಂದ ಗೊತ್ತೇನ್ರಿ? ಬ್ರೇಕ್ ಹಾಕೋ ಮುಂದ ನನ್ನ ಲಕ್ಷ್ಯ ಗಡಿಯಾರದ ಮ್ಯಾಲೆ ಇತ್ತು ಅಂದ. ಮನ್ಯಾಗ ರೊಟ್ಟಿ ಹಂಚಿನ ಮ್ಯಾಲೆ ಬಿದ್ದಿರ್ತಾವು, ಲಗೂ ಹೋಗಬೇಕು ಅಂತ ಹೊಂಟಿದ್ದೆ ಅಂದ."

ಶಮೀಮ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂ ನಲವತ್ತು. ಒಮ್ಮೆಲೇ ಎದ್ದು ನಿಂತು ಫೋನ್ ತೆಗೆದಳು. ಇವತ್ತು ಅವನು ಐವತ್ತು ನಿಮಿಷಕ್ಕೆ ಬರುತ್ತೇನೆಂದು ಹೊರಟಿದ್ದಾನೆ, ತಾನೇ ಹೊರಡಿಸಿದ್ದು, ಬೇಡವೆಂದು ಹೇಳಬೇಕು ಎಂದು ತೊದಲಿದಳು. ಸ್ಯಾಮ್ಯುಯೆಲ್ ಕೈ ಅಡ್ಡ ಹಿಡಿದ.

"ಈಗ ಫೋನ್ ಮಾಡಬ್ಯಾಡ್ರಿ, ಭಾಭಿ. ಗಾಡಿ ಜೋರ ಇರ್ತೈತಿ. ನಿಮ್ಮ ಹೆಸರು ಕಂಡರ ತಗೋತಾನ, ಒಂದ ಕೈ ಸ್ಟೇರಿಂಗ್ ಬಿಡ್ತೈತಿ."

ಅದರ ಬದಲು ಅವನು ಸಾವಕ್ಕನ ಹೋಟೆಲಿಗೆ ಫೋನ್ ಹಚ್ಚಿದ. ಅಲ್ಲಿ ನಿಂತಿದ್ದರೆ ಅಲ್ಲಿಯೇ ಕೂಡಿಸಿಕೊಳ್ಳಲಿ ಎಂದು. ಮುದುಕಿಯ ದನಿ ಶಮೀಮಳಿಗೂ ಕೇಳಿಸಿತು. ಮೆಹಬೂಬ ಇವತ್ತು ನಿಲ್ಲಲಿಲ್ಲ, ಹಾರ್ನ್ ಹೊಡೆದು ಹೋಗಿಬಿಟ್ಟ, ಯಾಕೋ ಭಾಳ ಜೋರಿದ್ದ ತಮ್ಮಾ, ಮನೆಯಲ್ಲಿ ಏನಾದರೂ ಆಗಿದೆಯೇನು ಎಂದು ಅವಳೇ ತಿರುಗಿ ಕೇಳಿದಳು.

ಮಾಡುವುದೇನೂ ಉಳಿದಿರಲಿಲ್ಲ. ತಾರಿಹಾಳದಿಂದ ಮನೆಗೆ ಹೋಗುವ ದಾರಿ ಗ್ಯಾರೇಜಿನ ಮುಂದೆಯೇ. ಶಮೀಮ ಅಲ್ಲಿಯೇ ಕೂತಳು. ಜೀವನದಲ್ಲಿ ಮೊದಲ ಸಲ ಅವಳು, ಐವತ್ತು ನಿಮಿಷಕ್ಕೆ ಬರದಿರಲಿ ದೇವರೇ ಎಂದು ಬೇಡಿಕೊಂಡಳು. ಹನ್ನೆರಡಾಯಿತು, ಐವತ್ತು ನಿಮಿಷ ತುಂಬಿತು. ಬರಲಿಲ್ಲ. ಅರೆಗಳಿಗೆ ಹಗುರಾದಳು. ಹನ್ನೆರಡೂ ಹತ್ತು, ಹನ್ನೆರಡೂವರೆ. ಈಗ ಹೊಸ ಭಯ ಶುರುವಾಯಿತು. ನಿಧಾನ ಬರುತ್ತಿರುವುದಕ್ಕೆ ತಡವೋ, ಬರಲಾರದ್ದಕ್ಕೆ ತಡವೋ? ದೂರದಲ್ಲಿ ಆಂಬುಲೆನ್ಸಿನ ಸದ್ದು ಕೇಳಿ, ಅದು ಬೇರೆ ಕಡೆ ತಿರುಗಿ ಹೋಗುವವರೆಗೆ ಉಸಿರು ಹಿಡಿದು ನಿಂತಳು. ಸಂಶಯ ಎಷ್ಟು ಸುಖದ ವಸ್ತುವಾಗಿತ್ತು ಎಂದು ಅವಳಿಗೆ ಆಗ ಅನ್ನಿಸಿತು. ಸಂಶಯ ಪಡಲಿಕ್ಕಾದರೂ ಗಂಡ ಮನೆಗೆ ಬಂದಿರುತ್ತಿದ್ದ.

ಹನ್ನೆರಡೂ ಐವತ್ತೈದಕ್ಕೆ ಮೆಹಬೂಬನ ಬೈಕ್ ಕಾಣಿಸಿತು. ಹೆಂಡತಿಯನ್ನು ಗ್ಯಾರೇಜಿನ ಮುಂದೆ ಕಂಡು ಅವನು ಬೈಕ್ ನಿಲ್ಲಿಸಿದ. ತಪ್ಪು ಮಾಡಿ ಸಿಕ್ಕವನ ಮುಖ. ಸ್ಯಾಮ್ಯುಯೆಲ್ ಒಳಗೆ ಹೋಗಿ ಇಲ್ಲದ ಕೆಲಸ ಹುಡುಕತೊಡಗಿದ.

ಮೆಹಬೂಬ ತಾನೇ ಶುರುಮಾಡಿದ. ತೇಗೂರಿನವರೆಗೆ ಜೋರಾಗಿಯೇ ಬಂದೆ, ಬೈಪಾಸಿಗೆ ಬರುತ್ತಲೂ ಕೈ ನಡುಗಿತು, ಮುಂದೆ ಯಾವ ಗಾಡಿಯೂ ಇರಲಿಲ್ಲ, ಆದರೂ ನಡುಗಿತು, ಬದಿಗೆ ನಿಲ್ಲಿಸಿ ಕೂತುಬಿಟ್ಟೆ ಎಂದ.

"ಐವತ್ತಕ್ಕ ಬರಾಕ ನನ್ನ ಕೈಲೆ ಆಗಂಗಿಲ್ಲ, ಶಮೀಮಾ. ನೀ ಅಮ್ಮಿನಬಾವಿಗೆ ಹೋಗೋದಾದ್ರ ಹೋಗು. ನವಾಜಗ ನಾನ ಹೇಳ್ತೇನಿ."

ಶಮೀಮಳ ಕಣ್ಣಲ್ಲಿ ನೀರು ತುಂಬಿತು. ಅವಳಿಗೆ ಗಂಡನ ಮೇಲೆ ಸಿಟ್ಟಿರಲಿಲ್ಲ, ತನ್ನ ಮೇಲೆ ಇತ್ತು.

"ಇಷ್ಟ ವರ್ಷ ಆ ಗಾಡಿ ನೀವೊಬ್ಬರ ಓಡಸಿಲ್ಲರಿ. ಮನ್ಯಾಗ ಕುಂತು ನಾನೂ ಓಡಸೇನಿ. ಆ ಕೂಸಿಗೆ ಏನರ ಆಗಿದ್ರ ನನ್ನ ಕೈಗೂ ರಕ್ತ ಹತ್ತತಿತ್ತು."

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಬೈಕಿನ ಹಿಂದೆ ಕೂತು, ನಿಧಾನ ನಡೆಯಿರಿ ಎಂದಳು. ಗ್ಯಾರೇಜಿನಿಂದ ಮನೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಆದರೂ ಹೇಳಿದಳು.

ಅಂದಿನಿಂದ ಆ ಮನೆಯಲ್ಲಿ ಕಿತ್ತೂರಿನ ಫೋನು ನಿಂತಿತು. ಎಲ್ಲಿದ್ದೀರಿ, ಯಾವಾಗ ಬರುತ್ತೀರಿ ಎಂದು ಅವಳು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಗಾಡಿ ಗೋದಾಮಿನಲ್ಲಿ ನಿಂತ ಮೇಲೆ ಮಾತ್ರ ಅವನು ಫೋನ್ ಮಾಡುತ್ತಾನೆ. ಶಮೀಮ ಈ ಕಥೆಯನ್ನೆಲ್ಲ ನಳದ ಹತ್ತಿರ ತಾನೇ ಹೇಳಿದಳು, ಏನೂ ಮುಚ್ಚಿಡಲಿಲ್ಲ. ಕೆಲವರು ಸುಮ್ಮನೆ ಕೇಳಿದರು. ಫಿರದೋಸ ಮಾತ್ರ ನಕ್ಕಳು. ವಯಸ್ಸಾದವರ ಕೈ ನಡುಗುತ್ತದೆ ಆಪಾ, ನಮ್ಮವರ ಕೈ ಗಟ್ಟಿ ಇದೆ ಎಂದಳು.

ಶಮೀಮ ವಾದಕ್ಕೆ ಹೋಗಲಿಲ್ಲ. ಅವಳು ಮಾಡಿದ್ದಿಷ್ಟೇ. ಒಂದು ಮಧ್ಯಾಹ್ನ ಫಿರದೋಸಳನ್ನು ಸ್ಯಾಮ್ಯುಯೆಲ್‌ನ ಗ್ಯಾರೇಜಿಗೆ ಕರೆದುಕೊಂಡು ಹೋದಳು. ಅರಫಾತನ ಲಾರಿಯದೂ ಬ್ರೇಕಿನ ಕೆಲಸ ಅಲ್ಲಿಯೇ ಆಗುತ್ತಿತ್ತು. ಸ್ಯಾಮ್ಯುಯೆಲ್ ಹಿಂದಿನ ವಾರವಷ್ಟೇ ಬಿಚ್ಚಿದ ಲೈನರ್ ತಂದು ಫಿರದೋಸಳ ಕೈಯಲ್ಲಿಟ್ಟ. ಆರು ವಾರವೂ ಓಡಿರಲಿಲ್ಲ. ಒಂದು ಕಡೆ ಪೂರ್ತಿ ಸವೆದು ಕಬ್ಬಿಣ ಕಾಣುತ್ತಿತ್ತು. ಫಿರದೋಸ ಅದರ ಸವೆದ ಕಡೆ ಬೆರಳಾಡಿಸಿ ನೋಡಿ ಮನೆಗೆ ನಡೆದಳು.

ಮುಂದಿನ ಸೋಮವಾರ ಅರಫಾತ ನಲವತ್ತಮೂರು ನಿಮಿಷಕ್ಕೆ ಬಂದ. ಓಣಿಯಲ್ಲಿ ಇಷ್ಟು ಲಗೂ ಯಾರೂ ಬಂದಿರಲಿಲ್ಲ. ಹೆಮ್ಮೆಯಿಂದ ಬೈಕ್ ನಿಲ್ಲಿಸಿ ಒಳಗೆ ಹೊರಟರೆ ಫಿರದೋಸ ಹೊಸ್ತಿಲ ಮೇಲೆ ಅಡ್ಡ ನಿಂತಿದ್ದಳು. ಹಿಂದೆ ಶಮೀಮಳ ಮುಖದಲ್ಲಿದ್ದ ಸಂಶಯವೇ ಈಗ ಅವಳ ಮುಖದಲ್ಲಿತ್ತು.

"ಇಷ್ಟ ಲಗೂ ಹೆಂಗ ಬಂದ್ರಿ? ಖರೇ ಹೇಳ್ರಿ."

ಅರಫಾತ ನಗಲು ನೋಡಿದ. ಅವಳು ನಗಲಿಲ್ಲ, ಬಾಗಿಲೂ ಬಿಡಲಿಲ್ಲ. ದಾರಿಯಲ್ಲಿ ಯಾರ್ಯಾರನ್ನು ಹೇಗೆ ಹಿಂದೆ ಹಾಕಿದೆ, ಎಲ್ಲಿ ಬ್ರೇಕ್ ತುಳಿದೆ, ಎಲ್ಲಿಯಾದರೂ ನಿಂತೆಯೋ ಇಲ್ಲವೋ ಎಂದು ಒಂದೊಂದೇ ಕೇಳಿದಳು. ಹೇಳುತ್ತಾ ಹೇಳುತ್ತಾ ಅರಫಾತನ ದನಿ ಸಣ್ಣದಾಯಿತು. ಗುರುವಾರ ಅವನು ಬಂದದ್ದು ಒಂದೂವರೆ ತಾಸಿಗೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ಅಥವಾ ಕೇಳುತ್ತಿರುವ ನಿಮ್ಮ ಮನೆಯಲ್ಲೂ ಗಾಡಿ ಓಡಿಸುವವರು ಇರಬಹುದು. ಅವರು ಓಡಿಸುತ್ತಿರುವಾಗ ಫೋನ್ ಮಾಡಬೇಡಿ. ಇಷ್ಟು ಹೊತ್ತಿಗೆ ಬಾ ಎಂದು ಗಂಟೆ ಗೊತ್ತುಮಾಡಬೇಡಿ. ಮಾಲು ತರಿಸುವ ಸಾಹುಕಾರರೇ, ಈ ಮಾತು ನಿಮಗೂ ಸೇರಿದ್ದು. ಡ್ರೈವರ್ ಅಣ್ಣಂದಿರೇ, ಮೂರು ತಾಸಿಗೊಮ್ಮೆ ಇಳಿದು ಮುಖ ತೊಳೆಯಿರಿ, ಕಣ್ಣು ಎಳೆದರೆ ಮಲಗಿ ಏಳಿ, ಮುಂದಿನ ಗಾಡಿಗೂ ನಿಮಗೂ ನಡುವೆ ಜಾಗ ಬಿಡಿ. ನಿಧಾನ ಓಡಿಸುವುದಕ್ಕೆ ನಾಚಬೇಡಿ, ಯಾಕೆ ನಿಧಾನ ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿ.

ಸಂಶಯ ಪಡಲೇಬೇಡಿ ಎಂದು ನಾನು ಹೇಳುವುದಿಲ್ಲ. ಪಡಿ. ಆದರೆ ತಡವಾಗಿ ಬಂದವರ ಮೇಲೆ ಬೇಡ. ನಿಮ್ಮವರು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಗುತ್ತಾ ನಿಂತರೆ, ಇವತ್ತೇ, ಒಳಗೆ ಬಿಡುವ ಮೊದಲು ಕೇಳಿ: ಇಷ್ಟು ಬೇಗ ಹೇಗೆ ಬಂದಿರಿ?